ಪ್ರತಿಜ್ಞೆ ಬಾಯಿಪಾಠವಾದರೆ ಸಾಕೆ?

ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ನಾಡಗೀತೆ, ಪ್ರತಿಜ್ಞೆ, ಪತ್ರಿಕೆ ಓದು, ಇಂದಿನ ಚಿಂತನೆ, ಕೊನೆಗೆ ರಾಷ್ಟ್ರಗೀತೆ. 2023ರ ಸರ್ಕಾರದ ತೀರ್ಮಾನದ ಬಳಿಕ ಸಂವಿಧಾನ ಪೀಠಿಕೆಯ ಓದೂ ಸೇರಿಕೊಂಡಿತು. ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಒಂದು ಮಗು ಬಲಗೈ ಮುಂದೆ ಚಾಚಿ ಸಾವಿರಕ್ಕೂ ಹೆಚ್ಚು ಸಲ ಪ್ರತಿಜ್ಞೆ ಮಾಡಿರುತ್ತದೆ. ಎಂಟನೇ ತರಗತಿಗೆ ಹೊಸದಾಗಿ ಬಂದವರನ್ನು "ದಿನಾ ಯಾರಿಗಪ್ಪಾ ಮಾತು ಕೊಡ್ತಾ ಇದ್ದೀರಿ?" ಎಂದು ಕೇಳಿದರೆ ಅರ್ಧ ತರಗತಿ ಸುಮ್ಮನಿರುತ್ತದೆ. ಉಳಿದವರಲ್ಲಿ ಯಾರಾದರೂ ಒಬ್ಬ "ಪಿ.ಇ. ಸರ್‌ಗೆ" ಎನ್ನುತ್ತಾನೆ. ಅವನು ತಮಾಷೆ ಮಾಡುತ್ತಿಲ್ಲ. "ಸಾವಧಾನ್" ಹೇಳುವವರು, ಸಾಲಿನಲ್ಲಿ ಅಲ್ಲಾಡಿದವರನ್ನು ಗದರುವವರು ಅವರೇ ಅಲ್ಲವೇ?

ನಾನು ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ. ಆಗಾಗ ಶಿಕ್ಷಕರ ತರಬೇತಿಗಳಿಗೂ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತೇನೆ. ಇವೆಲ್ಲದರ ಅರ್ಥವನ್ನು ಮಕ್ಕಳಿಗೆ ಹೇಳಿಕೊಡಬೇಕೇ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. "ಮಗ್ಗಿ ಹಾಗೆ ಮೊದಲು ಬಾಯಿಗೆ ಬರಲಿ, ಅರ್ಥ ತಾನಾಗಿ ಆಮೇಲೆ ಬರುತ್ತೆ" ಎನ್ನುವವರೇ ಹೆಚ್ಚು. ರಾಷ್ಟ್ರಗೀತೆ, ನಾಡಗೀತೆಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಅವು ಹಾಡುಗಳು. ಪದಪದ ತಿಳಿಯದಿದ್ದರೂ ನೂರು ಜನ ಒಟ್ಟಿಗೆ ಹಾಡಿದಾಗ ಮೈ ನವಿರೇಳುತ್ತದೆ, ಆ ವಯಸ್ಸಿಗೆ ಅಷ್ಟು ಸಾಕು. ಪ್ರತಿಜ್ಞೆ ಹಾಗಲ್ಲ. "ಪ್ರೀತಿಸುತ್ತೇನೆ", "ಗೌರವ ಕೊಡುತ್ತೇನೆ", "ವರ್ತಿಸುತ್ತೇನೆ" ಎಂದು ಅದರ ತುಂಬ ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಕೊಡುವ ಮಾತುಗಳೇ ಇವೆ. ಏನು ಮಾತು ಕೊಟ್ಟೆ ಎಂದು ಗೊತ್ತಿಲ್ಲದವನು ಮಾತು ಕೊಟ್ಟಂತಾಗುವುದಿಲ್ಲ. ಓದದೆ ಪತ್ರಕ್ಕೆ ಸಹಿ ಹಾಕಬೇಡಿ ಎಂದು ಪೌರನೀತಿಯಲ್ಲಿ ಪಾಠ ಮಾಡುವ ನಾವೇ, ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ ಅದನ್ನೇ ಮಾಡಿಸುತ್ತಿದ್ದೇವೆ.

ಮಕ್ಕಳಿಗೆ ಮೊದಲು ಹೇಳಬೇಕಾದದ್ದು, ಈ ಪ್ರತಿಜ್ಞೆ ಆಕಾಶದಿಂದ ಇಳಿದದ್ದಲ್ಲ ಎಂಬುದು. ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್, ನಲ್ಗೊಂಡ ಜಿಲ್ಲೆಯವರು. 1962ರಲ್ಲಿ, ಅಂದರೆ ಚೀನಾ ಯುದ್ಧದ ವರ್ಷ, ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದರು. ಅಲ್ಲಿನ ರಾಜಕಾರಣಿ ತೆನ್ನೇಟಿ ವಿಶ್ವನಾಥಂ ಅವರ ಮೂಲಕ ಅದು ಆಂಧ್ರದ ಆಗಿನ ಶಿಕ್ಷಣ ಸಚಿವ ಪಿ.ವಿ.ಜಿ. ರಾಜು ಅವರ ಕೈ ಸೇರಿತು, ಮರುವರ್ಷ ವಿಶಾಖಪಟ್ಟಣದ ಶಾಲೆಯಲ್ಲಿ ಮೊದಲು ಓದಿಸಲಾಯಿತು. ಅದು ಇಡೀ ದೇಶದ ಶಾಲೆಗಳಿಗೆ ಹೋಗಬೇಕೆಂದು ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ 1964ರ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ತೀರ್ಮಾನಿಸಿತು. ಆ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1965ರ ಜನವರಿ 26ರಿಂದ ಜಾರಿ. ಪಠ್ಯಪುಸ್ತಕದ ಮೊದಲ ಪುಟದಲ್ಲಿ ಪ್ರತಿಜ್ಞೆ ಎಷ್ಟೋ ವರ್ಷ ಅಚ್ಚಾಗುತ್ತಾ ಬಂತು, ಬರೆದವರ ಹೆಸರು ಮಾತ್ರ ಇರುತ್ತಿರಲಿಲ್ಲ. ಒಬ್ಬ ಸರ್ಕಾರಿ ನೌಕರ ಕೂತು ಬರೆದದ್ದು ಎಂದು ಗೊತ್ತಾದ ಕೂಡಲೇ ಮಕ್ಕಳಿಗೆ ಧೈರ್ಯ ಬರುತ್ತದೆ. ಮನುಷ್ಯ ಬರೆದದ್ದನ್ನು ಮನುಷ್ಯ ಪ್ರಶ್ನೆ ಕೇಳಬಹುದು.

ಪ್ರಶ್ನೆಗಳು ಶುರುವಾಗುವುದು ಎರಡನೇ ಸಾಲಿನಿಂದಲೇ. "ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು." ಹಾಗಾದರೆ ಮದುವೆ ಯಾರನ್ನಾಗೋದು ಸರ್ ಎಂಬ ಕೀಟಲೆ ಪ್ರತಿ ಬ್ಯಾಚಿನಲ್ಲೂ ಇದೆ, ನಾನು ಹುಡುಗನಾಗಿದ್ದಾಗಲೂ ಇತ್ತು. ನಕ್ಕು ಮುಗಿದ ಮೇಲೆ ಇನ್ನೊಂದು ಬರುತ್ತದೆ, ಅದಕ್ಕೆ ನಗು ಬರುವುದಿಲ್ಲ. ಅಡುಗೆ ಮಾಡುವವರು ದಲಿತರು ಎಂಬ ಕಾರಣಕ್ಕೆ ಮಕ್ಕಳನ್ನು ಬಿಸಿಯೂಟಕ್ಕೆ ಬಿಡದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ವರದಿಯಾಗಿವೆ. ಬೆಳಿಗ್ಗೆ ಪ್ರತಿಜ್ಞೆ, ಮಧ್ಯಾಹ್ನ ತಟ್ಟೆ ಬೇರೆ. ಮಕ್ಕಳಿಗೆ ಇದು ಕಾಣುವುದಿಲ್ಲ ಎಂದುಕೊಂಡವರು ಮಕ್ಕಳ ಜೊತೆ ಊಟಕ್ಕೆ ಕೂತಿಲ್ಲ. ಸಹೋದರ ಎಂಬುದಕ್ಕೆ ಅರ್ಥ ಬರೆಸಿ ಮುಂದಿನ ಸಾಲಿಗೆ ಹೋಗುವುದು ಸುಲಭ. "ಈ ಸಾಲನ್ನು ನಮ್ಮೂರಲ್ಲಿ ಎಲ್ಲೆಲ್ಲಿ ಮುರಿಯುತ್ತಿದ್ದೇವೆ?" ಎಂದು ಕೇಳಿ ಸುಮ್ಮನೆ ನಿಲ್ಲುವುದು ಕಷ್ಟ. ಕೆರೆಯ ಏರಿ, ದೇವಸ್ಥಾನದ ಜಗಲಿ, ಕ್ಷೌರದಂಗಡಿ ಎಂದು ಅವರೇ ಪಟ್ಟಿ ಕೊಡುತ್ತಾರೆ.

ಕಾವೇರಿಯೂ ಇದೇ ಸಾಲಿಗೆ ಬರುತ್ತದೆ. ತಮಿಳುನಾಡಿನವರೂ ಸಹೋದರರೇ ಎಂದರೆ ನೀರು ಬಿಡಬೇಕೇ? ಈ ಪ್ರಶ್ನೆಗೆ ಒಬ್ಬ ಹುಡುಗಿ "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ ಸರ್" ಎಂದಳು. ಅಂದಿನ ಪಾಠ ಅಲ್ಲಿಂದ ಶುರುವಾಯಿತು. ಪಾಲು ಕೇಳುವುದು ತಪ್ಪಲ್ಲ, ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಇರುವುದೇ ಅದಕ್ಕೆ. 2018ರ ಫೆಬ್ರುವರಿ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿಗೆ ಏರಿತು, ತಮಿಳುನಾಡಿಗೆ 404.25. ಈ ಅಂಕಿಗಳು ಅನ್ಯಾಯ ಎಂದು ವಾದಿಸುವ ಹಕ್ಕು ಮಂಡ್ಯದ ಮಗುವಿಗೆ ಪೂರ್ತಿ ಇದೆ. 2016ರಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಹಚ್ಚಿದ್ದನ್ನು ಮಾತ್ರ ಪ್ರತಿಜ್ಞೆ ಒಪ್ಪುವುದಿಲ್ಲ. ಜಗಳವಾಡುತ್ತಲೇ ಒಂದೇ ಮನೆಯಲ್ಲಿರುವುದು ಹೇಗೆ ಎಂಬುದು ಹದಿನಾಲ್ಕು ವರ್ಷದವರಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ ತಿಳಿಯುತ್ತದೆ.

ಪರಂಪರೆ, ವೈವಿಧ್ಯದ ಸಾಲುಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ಪ್ರತಿಭಾ ಕಾರಂಜಿ, ಛದ್ಮವೇಷ ಎಲ್ಲ ಇವೆ.

ತಂದೆ ತಾಯಿ, ಶಿಕ್ಷಕರು, ಹಿರಿಯರಿಗೆ ಗೌರವ ಎಂಬ ಸಾಲು ಬಂದಾಗ ಶಿಕ್ಷಕರ ಮುಖ ಅರಳುತ್ತದೆ, ನಾವೂ ಅದರಲ್ಲಿದ್ದೇವಲ್ಲ! ನನಗೆ ಅತ್ಯಂತ ಎಚ್ಚರ ಬೇಕಾಗುವುದು ಇಲ್ಲೇ. ಒಂಬತ್ತನೇ ತರಗತಿಯ ಹುಡುಗಿಗೆ ಮನೆಯಲ್ಲಿ ಮದುವೆ ಗೊತ್ತು ಮಾಡುತ್ತಾರೆ ಎನ್ನಿ. ಹಿರಿಯರಿಗೆ ಗೌರವ ಕೊಡುತ್ತೇನೆ ಎಂದು ದಿನಾ ಹೇಳಿದವಳು ಏನು ಮಾಡಬೇಕು? ಗೌರವ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಅವಳಿಗೆ ಅರ್ಥವಾಗಿದ್ದರೆ ನಾವು ಕಲಿಸಿದ ಪ್ರತಿಜ್ಞೆ ಅವಳ ವಿರುದ್ಧವೇ ಕೆಲಸ ಮಾಡಿತು. ಹುಡುಗಿಗೆ ಮದುವೆಯ ವಯಸ್ಸು 18, ಮಕ್ಕಳ ಸಹಾಯವಾಣಿ 1098, ಅಲ್ಲಿಗೆ ಫೋನ್ ಮಾಡುವುದು ಅಪ್ಪನಿಗೆ ಮಾಡುವ ಅವಮಾನವಲ್ಲ. ಇಷ್ಟನ್ನೂ ಈ ಸಾಲಿನ ಅರ್ಥದೊಳಗೇ ಹೇಳಬೇಕು, ಬೇರೆ ಪಾಠವಾಗಿ ಅಲ್ಲ. ಅದೇ ಸಾಲಿನ ಬಾಲದಲ್ಲಿ "ಪ್ರತಿಯೊಬ್ಬರೊಡನೆ ಸೌಜನ್ಯದಿಂದ" ಎಂದಿದೆ, ಹಿರಿಯರೊಡನೆ ಮಾತ್ರ ಎಂದಿಲ್ಲ. ಮಕ್ಕಳನ್ನು "ಏಯ್" ಎಂದು ಕರೆಯುವ ನಮ್ಮಂಥವರಿಗೂ ಅದು ಅನ್ವಯಿಸುತ್ತದೆಯೇ ಎಂದು ಅವರು ಕೇಳಿದರೆ ಹೌದು ಎನ್ನದೆ ವಿಧಿಯಿಲ್ಲ.

ಆಮೇಲೆ ನಿಷ್ಠೆ. "ನನ್ನ ದೇಶಕ್ಕೂ ಜನತೆಗೂ" ಎಂದಿದೆ. ಸರ್ಕಾರಕ್ಕೆ ಎಂದಿಲ್ಲ, ಪಕ್ಷಕ್ಕೆ ಎಂದಿಲ್ಲ, ಯಾವ ನಾಯಕರ ಹೆಸರೂ ಇಲ್ಲ. ದೇಶ ಮತ್ತು ಸರ್ಕಾರ ಒಂದೇ ಎಂದುಕೊಂಡ ಮಕ್ಕಳು, ದೊಡ್ಡವರು ಕೂಡ, ಬೇಕಾದಷ್ಟು ಇದ್ದಾರೆ. ಪೀಠಿಕೆಯನ್ನು ಪಕ್ಕದಲ್ಲಿಟ್ಟರೆ ಇದು ಥಟ್ಟನೆ ತಿಳಿಯುತ್ತದೆ. ಅಲ್ಲಿ ಮಾತಾಡುವವರು "ಭಾರತದ ಜನತೆಯಾದ ನಾವು", 1949ರ ನವೆಂಬರ್ 26ರಂದು ಸಂವಿಧಾನವನ್ನು ಅರ್ಪಿಸಿಕೊಂಡದ್ದೂ ನಮಗೆ ನಾವೇ. ರಸ್ತೆ ಗುಂಡಿ ಬಿದ್ದಿದೆ, ಶಾಲೆಗೆ ಶೌಚಾಲಯವಿಲ್ಲ ಎಂದು ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಪಂಚಾಯಿತಿಯನ್ನು ಕೇಳುವ ಹುಡುಗ ಆ ಹೊತ್ತಿನಲ್ಲಿ ಪ್ರತಿಜ್ಞೆಯನ್ನು ಪಾಲಿಸುತ್ತಿದ್ದಾನೆ.

ಅರ್ಥ ಹೇಳಿಕೊಟ್ಟ ಮೇಲೆ ಒಂದು ಮಗು "ನಾನು ಹೇಳಲ್ಲ" ಎಂದರೆ? ತರಬೇತಿಗಳಲ್ಲಿ ಎಲ್ಲರೂ ಬಿಗಿಯಾಗುವ ಪ್ರಶ್ನೆ ಇದು. ಉತ್ತರದ ಹತ್ತಿರ ನಮ್ಮನ್ನು ಒಯ್ಯುವ ತೀರ್ಪೊಂದು 1986ರಲ್ಲೇ ಬಂದಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಬಿಜೋ ಇಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅದಕ್ಕೆ ಬಿಡುತ್ತಿರಲಿಲ್ಲ. ವಿಚಾರಣೆ ನಡೆಸಿದಾಗ ಮಕ್ಕಳು ಅಗೌರವ ತೋರಿಲ್ಲ ಎಂದೇ ಬಂತು, ಆದರೂ 1985ರ ಜುಲೈನಲ್ಲಿ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟ್ ಅವರ ಪರ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ ನಿಂತಿತು. ಗೌರವದಿಂದ ಎದ್ದು ನಿಂತರೆ ಸಾಕು, ಹಾಡಲೇಬೇಕೆಂಬ ಕಾನೂನಿಲ್ಲ, ಹೊರಹಾಕಿದ್ದು ಮಕ್ಕಳ ವಾಕ್ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ನಮ್ಮ ಸಂವಿಧಾನ ಸಹಿಷ್ಣುತೆಯನ್ನು ಆಚರಿಸುತ್ತದೆ, ಅದನ್ನು ತೆಳುವಾಗಿಸುವುದು ಬೇಡ ಎಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಬರೆದರು. ತೀರ್ಪು ರಾಷ್ಟ್ರಗೀತೆಯ ಬಗ್ಗೆ, ಪ್ರತಿಜ್ಞೆಯ ಬಗ್ಗೆ ಅಲ್ಲ, ನಿಜ. ಆದರೆ ಹಾಡುವುದಕ್ಕೇ ಒತ್ತಾಯ ಸಲ್ಲದು ಎಂದಮೇಲೆ, ವಚನ ಕೊಡುವುದಕ್ಕೆ ಸಲ್ಲುತ್ತದೆಯೇ? ಈ ಪ್ರಕರಣವನ್ನು ನಾನು ಒಂಬತ್ತನೇ ತರಗತಿಗೆ ಕತೆಯಂತೆ ಹೇಳುತ್ತೇನೆ. ಇದುವರೆಗೆ ಅದನ್ನು ಕೇಳಿ ಯಾರೂ ಪ್ರತಿಜ್ಞೆ ನಿಲ್ಲಿಸಿಲ್ಲ. ಬದಲಾಗಿ, ಪಕ್ಕದವನ ತುಟಿ ಅಲ್ಲಾಡುತ್ತಿಲ್ಲ ಎಂದು ಬಂದು ದೂರು ಹೇಳುವುದು ಕಡಿಮೆಯಾಗಿದೆ.

ಇಷ್ಟೆಲ್ಲ ಮಾಡಲು ಹೊಸ ಪಠ್ಯಪುಸ್ತಕ ಬೇಡ, ಸುತ್ತೋಲೆಯೂ ಬೇಡ. ಬಿಸಿಲಿನ ಸಾಲಿನಲ್ಲಂತೂ ಬೇಡವೇ ಬೇಡ. ತಿಂಗಳಿಗೊಂದು ಸಾಲು, ಒಂದು ಪೀರಿಯಡ್, ಎಂಟನೇ ತರಗತಿಯಿಂದ ಮೇಲೆ. ಕಿರಿಯ ಪ್ರಾಥಮಿಕದವರಿಗೆ ಸೌಜನ್ಯದ ಸಾಲೊಂದೇ ಸಾಕು, ಅದೂ ಆಟದಲ್ಲಿ. ಮುಖ್ಯವಾಗಿ ಇದಕ್ಕೆ ಅಂಕ ಇರಬಾರದು. "ಪ್ರತಿಜ್ಞೆಯ ಆಶಯವನ್ನು ವಿವರಿಸಿ, 4 ಅಂಕ" ಎಂದು ಪ್ರಶ್ನೆಪತ್ರಿಕೆಗೆ ಬಂತೋ, ಮರುವಾರವೇ ಗೈಡಿನಲ್ಲಿ ಎಂಟು ಅಂಶಗಳ ಉತ್ತರ ಬರುತ್ತದೆ. ಮಕ್ಕಳು ಪ್ರತಿಜ್ಞೆಯ ಜೊತೆಗೆ ಅದರ ಅರ್ಥವನ್ನೂ ಬಾಯಿಪಾಠ ಮಾಡುತ್ತಾರೆ.

ಶಿಕ್ಷಕರು ಹಿಂಜರಿಯುವುದು ಸಮಯದ ಕೊರತೆಯಿಂದ ಎಂದು ಹೇಳುತ್ತಾರೆ. ಸಿಲಬಸ್ ಮುಗಿಯಬೇಕು, ಚಟುವಟಿಕೆ ದಾಖಲೆ ಬರೆಯಬೇಕು, ಅದೆಲ್ಲ ಸುಳ್ಳಲ್ಲ. ಟೀ ವಿರಾಮದಲ್ಲಿ ಪಕ್ಕಕ್ಕೆ ಬಂದಾಗ ಹೊರಬರುವುದು ಬೇರೆ ಕಾರಣ, ಭಯ. ತರಗತಿಯಲ್ಲಿ ಜಾತಿ ಎಂದೆ, ಸರ್ಕಾರ ಎಂದೆ, ಯಾವನೋ ಅರ್ಧ ನಿಮಿಷ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ, ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನಾನೇ ಅಲೆಯಬೇಕು. ನೋಟಿಸು ಬಂದವರನ್ನು ನಾನೂ ಕಂಡಿದ್ದೇನೆ. ಹಾಗಾಗಿ ಒಬ್ಬರೇ ಮಾಡಬೇಡಿ ಎನ್ನುತ್ತೇನೆ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪ್ರತಿಜ್ಞೆಯನ್ನು ಪೋಷಕರ ಮುಂದೆಯೇ ಓದಿ, ಈ ವರ್ಷ ಇದನ್ನು ಚರ್ಚಿಸುತ್ತೇವೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ದೇಶಭಕ್ತಿಯ ಪಾಠ ಬೇಡ ಎಂದು ಆಕ್ಷೇಪಿಸಿ ಸಹಿ ಹಾಕುವ ಪೋಷಕರು ನನಗೆ ಇನ್ನೂ ಸಿಕ್ಕಿಲ್ಲ. ಸಹಿ ಬಿದ್ದ ಮೇಲೆ ಬಿಸಿಯೂಟದ ಸಾಲಿನ ಬಗ್ಗೆ ಮಾತಾಡುವುದು ಸ್ವಲ್ಪ ಸುಲಭವಾಗುತ್ತದೆ.