ರಜೆಯ ಅರ್ಜಿಗಿಂತ ಮೊದಲು ಉಬ್ಬರವಿಳಿತದ ಪಟ್ಟಿ

ಉಷ್ಣವಲಯದ ದ್ವೀಪಗಳಿಗೆ ಗಾಳ ಹಾಕಲು ಹೊರಡುವವರು ಸಲಹೆ ಕೇಳಲು ಬಂದಾಗ, ರಜೆ ಮಂಜೂರಾದ ದಿನಾಂಕಗಳನ್ನೇ ಸಾಮಾನ್ಯವಾಗಿ ಮೊದಲು ಹೇಳುತ್ತಾರೆ. ಇಂಥ ಪ್ರವಾಸಗಳನ್ನು ಯೋಜಿಸಿಕೊಡುವ ಕೆಲಸದಲ್ಲಿ ನಾನು ಕಲಿತ ಕ್ರಮ ಬೇರೆ. ಯಾವ ಮೀನು ಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಆ ಮೀನು ಮೇಯುವ ನೀರನ್ನು ನೋಡಿ ದ್ವೀಪವನ್ನು, ದ್ವೀಪದ ಗಾಳಿಯನ್ನು ನೋಡಿ ತಿಂಗಳನ್ನು, ಅಲ್ಲಿನ ಉಬ್ಬರವಿಳಿತವನ್ನು ನೋಡಿ ವಾರವನ್ನು ಆರಿಸಬೇಕು. ರಜೆಯ ಅರ್ಜಿ ಬರೆಯುವುದು ಅದಾದ ಮೇಲೆ.

ಮಾರ್ಲಿನ್, ಟ್ಯೂನಾಗಳಿಗೆ ಆಳ ಸಮುದ್ರವೂ ದೊಡ್ಡ ದೋಣಿಯೂ ಬೇಕು. ಬೋನ್‌ಫಿಶ್ ಹಾಗಲ್ಲ. ಮೊಣಕಾಲುದ್ದದ ನೀರಿರುವ ಮರಳಿನ ಹರವಿನಲ್ಲಿ ಏಡಿ, ಸೀಗಡಿಗಳನ್ನು ಹುಡುಕುತ್ತಾ ಬರುವ ಈ ಮೀನನ್ನು ನಾವು ನಡೆದೇ ಹಿಂಬಾಲಿಸುತ್ತೇವೆ, ಕಣ್ಣಿಗೆ ಕಂಡ ಮೇಲೆಯೇ ಗಾಳ ಎಸೆಯುತ್ತೇವೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಜೈಂಟ್ ಟ್ರೆವಲಿಯಾದರೋ ಹವಳದಂಚಿನ ನೊರೆನೀರಿನಲ್ಲಿ ಹೊಂಚು ಹಾಕಿ, ನೀರು ಏರುವಾಗ ಅದೇ ಹರವಿನ ಮೇಲೆ ಬೇಟೆಗೆ ನುಗ್ಗುತ್ತದೆ. ಒಂದೇ ವಾರದಲ್ಲಿ ಎಲ್ಲವೂ ಬೇಕೆನ್ನುವವರಿಗೆ ಯಾವುದೂ ಸರಿಯಾಗಿ ದಕ್ಕದಿರುವುದನ್ನೇ ನಾನು ಹೆಚ್ಚು ಕಂಡಿದ್ದೇನೆ.

ಉಬ್ಬರವಿಳಿತದ ಲೆಕ್ಕಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕಡೆ ನೀರು ಏರಲು ಆರು ಗಂಟೆಗೂ ತುಸು ಹೆಚ್ಚು, ಇಳಿಯಲು ಅಷ್ಟೇ ಸಮಯ ಹಿಡಿಯುತ್ತದೆ, ಮತ್ತು ಈ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹರವಿನ ಮೀನನ್ನು ಕಾಣಲು ಸೂರ್ಯ ಮೇಲಿರಬೇಕು. ನನ್ನ ಅನುಭವದಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗಿನ ಬೆಳಕೇ ಕೆಲಸಕ್ಕೆ ಬರುವುದು. ಮೊದಲ ದಿನ ಬೆಳಿಗ್ಗೆ 7ಕ್ಕೆ ಇಳಿತ ಮುಗಿಯುವ ವಾರವನ್ನು ಆರಿಸಿಕೊಂಡರೆ ಆರನೆಯ ದಿನ ಅದು 11ರ ಸುಮಾರಿಗೆ ಬರುತ್ತದೆ, ಅಂದರೆ ಆರು ದಿನವೂ ಏರುವ ನೀರು ಒಳ್ಳೆಯ ಬೆಳಕಿನಲ್ಲಿ ಸಿಗುತ್ತದೆ. ವೃತ್ತಿಯ ಆರಂಭದಲ್ಲಿ ನಾನು ಈ ಲೆಕ್ಕ ಮಾಡದೆ, ಅವರ ರಜೆಗೆ ಹೊಂದಿಸಿ ನಾಲ್ವರನ್ನು ಕಳುಹಿಸಿದ್ದೆ. ಅವರು ಇಳಿದ ದಿನ ನಡುಮಧ್ಯಾಹ್ನಕ್ಕೆ ಇಳಿತ. ಕೊನೆಯ ದಿನ ಅದು ಸಂಜೆ 4ಕ್ಕೆ ಸರಿದಿತ್ತು. ಬೆಳಕಿದ್ದ ಹೊತ್ತಿನ ಹೆಚ್ಚಿನ ಪಾಲು ನೀರು ಮೀನುಗಳೊಂದಿಗೆ ಹಿಂದೆ ಸರಿಯುವುದನ್ನು ನೋಡುತ್ತಾ ಅವರು ವಾರ ಕಳೆದರು. ಆ ತಪ್ಪು ಪೂರ್ತಿಯಾಗಿ ನನ್ನದು.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ ಎಂಬುದು ಹಲವರಿಗೆ ಗೊತ್ತಿರುತ್ತದೆ. ಅದಕ್ಕಿಂತ ಉಪಯುಕ್ತವಾದ ಸಂಗತಿಯೊಂದಿದೆ: ಒಂದು ನಿರ್ದಿಷ್ಟ ಸ್ಥಳದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರ ವರ್ಷವಿಡೀ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಆದ್ದರಿಂದ ಒಂದು ಹರವಿನ ಒಳ್ಳೆಯ ವಾರ ಒಮ್ಮೆ ಗೊತ್ತಾದರೆ ಸುಮಾರು ಹದಿನೈದು ದಿನಗಳಿಗೊಮ್ಮೆ ಅದೇ ಪರಿಸ್ಥಿತಿ ಮರಳುತ್ತದೆ. ದೊಡ್ಡ ಇಳಿತಕ್ಕೆ ಪೂರ್ತಿ ಒಣಗುವ ಹರವು ಅಷ್ಟಮಿಯಲ್ಲಿ ಹೆಚ್ಚು ಹೊತ್ತು ನೀರು ಹಿಡಿದಿರಬಹುದು. ಇದನ್ನು ಅಲ್ಲಿಯೇ ವಾಸವಿರುವ ಗೈಡ್ ಒಬ್ಬರೇ ಖಚಿತವಾಗಿ ಹೇಳಬಲ್ಲರು.

ಗಾಳಿಯ ಲೆಕ್ಕ ಇಷ್ಟು ಸೂಕ್ಷ್ಮವಲ್ಲ. ಸೇಶೆಲ್ಸ್‌ನ ಹೊರ ದ್ವೀಪಗಳಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಮಾರುತ ಬಲವಾಗಿರುವುದರಿಂದ ಅಲ್ಲಿನ ಗಾಳದ ಕಾಲ ಅಕ್ಟೋಬರ್ ಬಳಿಕ ತೆರೆಯುತ್ತದೆ. ಮಾಲ್ಡೀವ್ಸ್‌ನಲ್ಲಿ ಈಶಾನ್ಯ ಮಾರುತದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಒಣ ಹವೆಯದು. ಅಟ್ಲಾಂಟಿಕ್‌ನ ಚಂಡಮಾರುತದ ಅವಧಿ ಜೂನ್ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ಬಹಾಮಾಸ್, ಬೆಲೀಜ್‌ಗಳ ಯೋಜನೆ ಅದನ್ನು ಗಮನಿಸಿಯೇ ನಡೆಯಬೇಕು. ಪೆಸಿಫಿಕ್‌ನ ಕಿರಿಬಾಟಿ ದೇಶದ ಕಿರಿತಿಮಾಟಿ ದ್ವೀಪ ಸಮಭಾಜಕದಿಂದ ಎರಡು ಡಿಗ್ರಿಯಷ್ಟೂ ದೂರವಿಲ್ಲ, ಹಾಗಾಗಿ ಚಂಡಮಾರುತಗಳ ಭಯ ಅಲ್ಲಿಲ್ಲ. ಆದರೆ ಅಂಥ ದೂರದ ದ್ವೀಪಗಳಿಗೆ ವಿಮಾನಗಳೇ ವಿರಳ, ಒಂದು ತಪ್ಪಿದರೆ ರಜೆಯ ದೊಡ್ಡ ಪಾಲು ಹೋಗುತ್ತದೆ. ಹೋಗುವಾಗ ದಾರಿಯಲ್ಲಿ ಒಂದು ರಾತ್ರಿ ಹೆಚ್ಚುವರಿ ತಂಗುವ ಏರ್ಪಾಡಿಲ್ಲದ ಯೋಜನೆಗೆ ನಾನು ಒಪ್ಪುವುದಿಲ್ಲ.

ಸಲಕರಣೆಯ ವಿಷಯ ಬೇಗ ಮುಗಿಯುತ್ತದೆ. ನಾಲ್ಕು ತುಂಡಾಗಿ ಬಿಚ್ಚುವ ಕೋಲು, ಒಂದು ಹೆಚ್ಚುವರಿ ರೀಲ್, ದಪ್ಪ ಅಟ್ಟೆಯ ಬೂಟು, ಪೋಲರೈಸ್ಡ್ ಕನ್ನಡಕ ಇರಲಿ. ಹರವಿಗೆ ತಾಮ್ರ ಬಣ್ಣದ ಗಾಜು, ಆಳ ಸಮುದ್ರಕ್ಕೆ ಬೂದು ಬಣ್ಣದ್ದು ಅನುಕೂಲ. ಸಂಜೆ ರೀಲುಗಳನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅವನ್ನು ಬೇಗ ತಿನ್ನುತ್ತದೆ. ಮರಳಿನಲ್ಲಿ ಪಾದವನ್ನು ಎತ್ತದೆ ತೂರಿಸುತ್ತಾ ನಡೆದರೆ ತೊರಕೆ ಮೀನುಗಳು ತಾವೇ ಸರಿದುಹೋಗುತ್ತವೆ.

ಹಿಡಿದ ಮೀನನ್ನು ಏನು ಮಾಡಬೇಕೆಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು. ಬೆಲೀಜ್‌ನಲ್ಲಿ ಬೋನ್‌ಫಿಶ್, ಟಾರ್ಪನ್ ಮತ್ತು ಪರ್ಮಿಟ್ ಎಂಬ ಮೀನುಗಳನ್ನು ಬಿಟ್ಟುಬಿಡುವುದು 2009ರಿಂದ ಕಾನೂನು. ಕಾನೂನಿಲ್ಲದ ಕಡೆಯೂ ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಅದುಮಿಟ್ಟು, ಒದ್ದೆ ಕೈಯಲ್ಲಿ ಮೀನನ್ನು ನೀರಿನೊಳಗೇ ಹಿಡಿದು ಬಿಡಿಸಬೇಕು; ಗಾಳಿಯಲ್ಲಿ ಹೆಚ್ಚು ಹೊತ್ತು ಎತ್ತಿ ಹಿಡಿದ ಮೀನು ದಿಕ್ಕು ತಪ್ಪಿ ಈಜುತ್ತದೆ, ಅಲ್ಲಿಯೇ ಸುತ್ತುವ ಶಾರ್ಕ್ ಅದನ್ನು ಬಿಡುವುದಿಲ್ಲ. ತಿನ್ನುವ ಆಸೆಯಿದ್ದರೆ ಹವಳದಂಚಿನ ದೊಡ್ಡ ಬಾರಕುಡಾ, ಗ್ರೂಪರ್, ಟ್ರೆವಲಿಗಳ ಬಗ್ಗೆ ಎಚ್ಚರ ಬೇಕು. ಸೂಕ್ಷ್ಮ ಪಾಚಿಯಿಂದ ಹುಟ್ಟಿ, ಚಿಕ್ಕ ಮೀನಿನಿಂದ ದೊಡ್ಡದಕ್ಕೆ ಸೇರುತ್ತಾ ಹೋಗುವ ಸಿಗ್ವಟೇರಾ ವಿಷ ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ. ವಾಂತಿಭೇದಿಯ ಜೊತೆಗೆ, ತಣ್ಣನೆಯದನ್ನು ಮುಟ್ಟಿದರೆ ಸುಡುವಂತೆ ಅನಿಸುವುದು ಇದರ ಗುರುತು. ಯಾವ ಕಡೆಯ ಯಾವ ಮೀನನ್ನು ತಾವು ತಿನ್ನುವುದಿಲ್ಲ ಎಂದು ಗೈಡ್‌ನನ್ನು ಮೊದಲ ಸಂಜೆಯೇ ಕೇಳಿ, ಹತ್ತಿರದ ಆಸ್ಪತ್ರೆ ಎಷ್ಟು ಗಂಟೆಯ ದೋಣಿಹಾದಿ ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಿ.