ತಿರುವಿನಲ್ಲಿ ಓಡಬೇಡಿ

"ಮೇಡಂ, ಸ್ಪೀಡಾಗಿ ಬರೆಯೋದು ಯಾವಾಗ ಕಲಿಸ್ತೀರಾ?" ತ್ಸಾವೊಶು, ಅಂದರೆ ಕುಂಚದಲ್ಲಿ ಬರೆಯುವ ಚೀನೀ ಮೋಡಿ ಬರಹ, ಕಲಿಯಲು ಬಂದವರು ಎರಡನೇ ವಾರಕ್ಕೇ ಇದನ್ನು ಕೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ತ್ಸಾವೊಶು ಅಂದರೆ ಬೇಗ ಬೇಗ ಗೀಚುವುದು ಅಂತ ಇವರಿಗೆ ಯಾರು ಹೇಳಿದರೋ!

ಹಾನ್ ಅರಸರ ಕಾಲದಲ್ಲಿ ಬರಹದ ಕೆಲಸ ಬೇಗ ಮುಗಿಯಲಿ ಅಂತಲೇ ಇದು ಹುಟ್ಟಿತು, ನಿಜ. ಆದರೆ ಎರಡನೇ ಶತಮಾನದ ಹೊತ್ತಿಗೇ ಜಾಂಗ್ ಝಿ ಎಂಬ ದೊಡ್ಡ ಬರಹಗಾರ "ಅವಸರದಲ್ಲಿದ್ದೇನೆ, ತ್ಸಾವೊಶು ಬರೆಯಲು ಪುರುಸೊತ್ತಿಲ್ಲ" ಎನ್ನುತ್ತಿದ್ದನಂತೆ. ಈ ಮಾತಿಗೆ ಬೇರೆ ಅರ್ಥ ಹೇಳುವವರೂ ಇದ್ದಾರೆ. ನನಗೆ ಮಾತ್ರ ಇದೇ ಸರಿ ಅನಿಸುತ್ತದೆ.

ಸುನ್ ಗುವೊಟಿಂಗ್ ಎಂಬ ಬರಹಗಾರ 687ರಲ್ಲಿ ಬರಹದ ಕಲೆಯ ಬಗ್ಗೆ 'ಶುಪು' ಬರೆದ. ತ್ಸಾವೊಶುವಿನಲ್ಲೇ ಬರೆದ ಆ ಸುರುಳಿ ಈಗ ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವನು ಹೇಳುವುದು ಇಷ್ಟು: ಬಿಡಿಬಿಡಿಯಾಗಿ ಬರೆಯುವ ಕೈಶುವಿನಲ್ಲಿ ಚುಕ್ಕಿ, ಗೆರೆಗಳೇ ಮೈ, ತಿರುವು ಭಾವ. ತ್ಸಾವೊಶುವಿನಲ್ಲಿ ಇದು ತಲೆಕೆಳಗು. ತಿರುವೇ ಮೈ, ಚುಕ್ಕಿ-ಗೆರೆ ಭಾವ. ಕೈಶುವಿನಲ್ಲಿ ಒಂದು ಗೆರೆ ಕೆಟ್ಟರೂ ಅಕ್ಷರ ಓದಬಹುದು. ತ್ಸಾವೊಶುವಿನಲ್ಲಿ ತಿರುವು ತಪ್ಪಿದರೆ ಅಲ್ಲಿ ಅಕ್ಷರವೇ ಇಲ್ಲ. ಗೆರೆಗಳನ್ನು ನಮಗೆ ಬೇಕಾದ ಹಾಗೆ ಬಿಡುವ ಹಾಗೂ ಇಲ್ಲ. ಚೀನೀ ಅಕ್ಷರಗಳಲ್ಲಿ ಬರುವ 'ನೀರು' ಎಂಬ ಭಾಗದ ಹನಿಯಂಥ ಮೂರು ಗೆರೆ ಒಂದೇ ಎಳೆತದಲ್ಲಿ ಇಳಿದುಬಿಡುತ್ತದೆ, ಆದರೆ ಹೇಗೆ ಇಳಿಯಬೇಕು ಅನ್ನುವುದು ಹಿಂದಿನಿಂದ ಗೊತ್ತಾದ ರೂಪ. ಸುಮ್ನೆ ಕೈ ಬೀಸಿದರೆ ಆಗುತ್ತಾ?

ಹುವಾಯ್‌ಸುವನ್ನು ನೋಡಿ ಅಂತ ವಾದ ಮಾಡುತ್ತಾರೆ. ಕುಡಿದು ಗೋಡೆಯ ಮೇಲೆಲ್ಲ ಬರೆಯುತ್ತಿದ್ದ ಸನ್ಯಾಸಿ ಅಲ್ವಾ ಅವನು? ಸರಿ, ನೋಡೋಣ. 777ರ ಅವನ ಆತ್ಮಕಥೆಯ ಸುರುಳಿಯಲ್ಲಿ 126 ಸಾಲು, 702 ಅಕ್ಷರ ಇವೆ. ಗೆರೆ ದಾರದಷ್ಟು ತೆಳು. ಎಷ್ಟು ಸುತ್ತಿದರೂ ಕುಂಚದ ಮೊನೆ ಗೆರೆಯ ನಡುವೆಯೇ ಇದೆ. ವೇಗ ಖಂಡಿತ ಇದೆ. ಆದರೆ ಆ ಹಿಡಿತ ಬಂದ ಮೇಲೆ ಬಂದ ವೇಗ ಅದು.

ನನ್ನ ಹತ್ತಿರ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕಲಿಯಲು ಬರುತ್ತಾರೆ. ಸಹಿ ಹಾಕಿ ಹಾಕಿ ಪಳಗಿದ ಕೈ, ಭಾರೀ ಉತ್ಸಾಹ. ಅವರ ಒಂದು ತಿರುವನ್ನು ಹತ್ತಿರದಿಂದ ನೋಡಿದೆ. ಒಂದು ಅಂಚು ಕತ್ತರಿಸಿದಂತೆ ನಯ, ಇನ್ನೊಂದು ಅಂಚು ತರಿತರಿ. ಅಂದರೆ ಕುಂಚ ಪಕ್ಕಕ್ಕೆ ಮಲಗಿದೆ, ಮೊನೆ ಒಂದು ಬದಿಗೆ ಸರಿದು ಹೊಟ್ಟೆಯೇ ಕಾಗದ ಉಜ್ಜಿದೆ. "ಸರ್, ತಿರುಗುವ ಮೊದಲು ಅಕ್ಕಿಕಾಳಿನಷ್ಟು ಮೇಲೆತ್ತಿ. ಕೂದಲು ಕೂಡಿಕೊಳ್ಳಲಿ. ಮೊನೆ ನಿಂತ ಮೇಲೆ ಮತ್ತೆ ಒತ್ತಿ ಹೊರಡಿ" ಅಂದೆ. ಎಷ್ಟು ಎತ್ತಬೇಕು ಅನ್ನುವುದು ಕುಂಚ, ಕಾಗದ, ಮಸಿ ನೋಡಿ ಬದಲಾಗುತ್ತದೆ. ಮಸಿ ಬೇಗ ಹೀರುವ ಶುವಾನ್ ಕಾಗದದ ಮೇಲೆ ಜಾಸ್ತಿ ಹೊತ್ತು ನಿಂತರೆ ಕಲೆ ಹರಡುತ್ತದೆ.

ಅವರು ಒಂದು ಗಂಟೆ ಪೂರ್ತಿ ಆ ಒಂದೇ ತಿರುವನ್ನು ಬರೆದರು. ಮುಂದಿನ ವಾರ ಅಕ್ಷರ ಇನ್ನೂ ಸೊಟ್ಟಗೇ ಇತ್ತು, ಆದರೆ ಓದಲು ಬಂತು.