ಹೋಗೋಕೆ ಎರಡೂವರೆ ಗಂಟೆ, ಬರೋಕೆ ಐದು ಗಂಟೆ ಯಾಕೆ?

ದುಬೈಗೆ ಹೋಗಿ ಬರುವ ಟಿಕೆಟ್ ಕೈಗೆ ಕೊಟ್ಟರೆ ಬಹಳ ಜನ ಕೇಳುವ ಪ್ರಶ್ನೆ ಇದು. ಬೆಂಗಳೂರಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಹೆಚ್ಚುಕಮ್ಮಿ 12.30ಕ್ಕೆ ಅಲ್ಲಿರುತ್ತೀರಿ. ಅಲ್ಲಿಂದ 10ಕ್ಕೆ ಹೊರಟರೆ ಇಲ್ಲಿಗೆ ಬರುವಷ್ಟರಲ್ಲಿ ಮೂರು ದಾಟಿರುತ್ತದೆ. ‘ಏನ್ ಸಾರ್, ಬರುವಾಗ ಸುತ್ತು ಹಾಕಿಸ್ತೀರಾ?’ ಅಂತಾರೆ. ಚಿಕ್ಕಬಳ್ಳಾಪುರದಲ್ಲಿ ಟಿಕೆಟ್ ಬುಕ್ ಮಾಡಿಕೊಡುವ ನನಗೆ ಇದನ್ನು ಬಿಡಿಸಿ ಹೇಳುವುದೇ ಅರ್ಧ ಕೆಲಸ.

ಟಿಕೆಟ್ ಮೇಲಿನ ಸಮಯ ಯಾವಾಗಲೂ ಆಯಾ ಊರಿನ ಗಡಿಯಾರದ್ದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಸೇರಿಸಿ ಕಳೆದು ನೋಡಿದರೆ ಹೋಗುವಾಗ ಸುಮಾರು 4 ಗಂಟೆ, ಬರುವಾಗ ಅದಕ್ಕಿಂತ ಸ್ವಲ್ಪ ಕಡಿಮೆಯೇ! ದೂರ ಎರಡೂ ಕಡೆ ಅದೇ 2,700 ಕಿ.ಮೀ. ಆದರೆ ಮೇಲೆ, ಅದರಲ್ಲೂ ಚಳಿಗಾಲದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಬರುವಾಗ ಅದು ಹಿಂದಿನಿಂದ ತಳ್ಳುತ್ತದೆ, ಹೋಗುವಾಗ ಎದುರಿಗೆ ನಿಲ್ಲುತ್ತದೆ.

ಇನ್ನೊಂದು ತಕರಾರು ಕಿಲೋಮೀಟರ್ ಲೆಕ್ಕದ್ದು. ಮುಂಬೈ ವಿಮಾನ ನಿಲ್ದಾಣ ನಮ್ಮ ದೇವನಹಳ್ಳಿಯಿಂದ ಸುಮಾರು 835 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಮೇಲೇ ಹೋಗುತ್ತದೆ, ಹಾಗಾದರೆ ಒಂದು ಗಂಟೆ ಸಾಕಲ್ವಾ? ಟಿಕೆಟ್‌ನಲ್ಲಿ ನೋಡಿದರೆ ಎರಡು ಗಂಟೆ ಹತ್ತಿರ ಇರುತ್ತದೆ. ಯಾಕೆಂದರೆ ಅದು ಬರೀ ಹಾರುವ ಸಮಯ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಶುರುವಾಗಿ, ರನ್‌ವೇವರೆಗೆ ನಿಧಾನಕ್ಕೆ ಹೋಗಿ, ಸರದಿಯಲ್ಲಿ ಕಾದು, ಹಾರಿ, ಅಲ್ಲಿ ದಟ್ಟಣೆ ಇದ್ದರೆ ಆಕಾಶದಲ್ಲೇ ಒಂದೆರಡು ಸುತ್ತು ಹಾಕಿ, ಇಳಿದು ಮತ್ತೆ ನಿಲ್ಲುವವರೆಗಿನ ಲೆಕ್ಕ ಅದು. ನಮ್ಮ ಕಸುಬಿನಲ್ಲಿ ಇದನ್ನು ಬ್ಲಾಕ್ ಟೈಮ್ ಅಂತೀವಿ. ಕಂಪನಿಗಳು ಇದರಲ್ಲಿ ಒಂದಷ್ಟು ನಿಮಿಷ ಜಾಸ್ತಿಯೇ ಇಟ್ಟುಕೊಂಡಿರುತ್ತವೆ, ತಡವಾಗಿ ಹೊರಟರೂ ಟೈಮಿಗೆ ಮುಟ್ಟಿದೆವು ಅಂತ ಹೇಳಿಕೊಳ್ಳಬಹುದಲ್ಲ.

ದೆಹಲಿ ನೋಡಿ, ಸುಮಾರು 1,700 ಕಿ.ಮೀ. ಮುಂಬೈಗಿಂತ ಡಬ್ಬಲ್ ದೂರ, ಆದರೆ ಸಮಯ ಒಂದು ಗಂಟೆ ಮಾತ್ರ ಜಾಸ್ತಿ. ನೆಲದ ಮೇಲೆ ಕಳೆಯುವ ಹೊತ್ತು ಹತ್ತಿರದ ಊರಿಗೂ ಅಷ್ಟೇ, ದೂರದ ಊರಿಗೂ ಹೆಚ್ಚುಕಮ್ಮಿ ಅಷ್ಟೇ. ಮಂಗಳೂರು ಬರೀ 300 ಕಿ.ಮೀ., ಆದರೂ ಒಂದು ಗಂಟೆ. ಮುಂದೆ ಫ್ಯಾನ್ ತಿರುಗುವ ಎಟಿಆರ್ ವಿಮಾನವಾದರೆ ಇನ್ನೂ ಸ್ವಲ್ಪ ಹೆಚ್ಚು, ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು.

ದೂರ ತೋರಿಸುವ ವೆಬ್‌ಸೈಟ್‌ಗಳು ಸುಳ್ಳು ಹೇಳುವುದಿಲ್ಲ. ಅವು ಭೂಗೋಳದ ಮೇಲೆ ದಾರ ಎಳೆದು ಹಿಡಿದ ಹಾಗೆ ನೇರ ದೂರ ಕೊಡುತ್ತವೆ. ಗೋಡೆ ನಕ್ಷೆಯಲ್ಲಿ ಅದೇ ದಾರಿ ಬಾಗಿದಂತೆ ಕಾಣುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೇ ಬಂದಿದ್ದು ಸುಮ್ನೆ ಅಲ್ಲ, ಅದೇ ಹತ್ತಿರದ ದಾರಿ.

‘ಡೈರೆಕ್ಟ್’ ಅಂತ ಬರೆದಿದ್ದರೂ ನಡುವೆ ಇನ್ನೊಂದು ಊರಲ್ಲಿ ಇಳಿಯಬಹುದು. ‘ನಾನ್‌ಸ್ಟಾಪ್’ ಇದೆಯಾ ನೋಡಿಕೊಳ್ಳಿ.

ನಮ್ಮ ಊರಿನವರದ್ದು ಬೇರೆಯೇ ಕಥೆ. ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ಹೆದ್ದಾರಿ ಹಿಡಿದರೆ ಆಯ್ತು ಅಂತ ಕೊನೆ ಗಳಿಗೆಗೆ ಹೊರಡುತ್ತಾರೆ. ದೇಶದೊಳಗಿನ ವಿಮಾನಕ್ಕೂ ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಯಾವ ಟರ್ಮಿನಲ್ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ. ಒಂದಕ್ಕೆ ಹೋಗಿ ಇನ್ನೊಂದಕ್ಕೆ ಓಡುವಷ್ಟರಲ್ಲಿ ಗೇಟ್ ಮುಚ್ಚಿರುತ್ತದೆ.